ನಡೆಯುವ ಮನೆ

ಒಂದು ಸಮಾಜವು ಯಾವ ಮಾತುಗಳನ್ನು ಬೈಗುಳವಾಗಿ ಬಳಸುವುದೋ ಅವುಗಳಿಂದ ಆ ಸಮಾಜದ ಅಂಜಿಕೆಯನ್ನು ಅಳೆಯಬಹುದು. ನಮ್ಮ ಕನ್ನಡದಲ್ಲಿ 'ಅಲೆಮಾರಿ' ಎಂಬುದೊಂದು ಬೈಗುಳ. 'ಮನೆಮಠವಿಲ್ಲದವ' ಎಂಬುದು ಇನ್ನೊಂದು. 'ನಾಯಿಪಾಡು' ಎಂಬುದು ಮೂರನೆಯದು. ಮೂರನ್ನೂ ಕೂಡಿಸಿ ನೋಡಿದರೆ ಒಂದು ಬಾಳುವೆಯ ಚಿತ್ರವೇ ಸಿದ್ಧವಾಗುತ್ತದೆ: ನೆಲೆಯಿಲ್ಲದೆ ಊರೂರು ತಿರುಗುತ್ತ, ತಲೆಯ ಮೇಲೆ ಸೂರಿಲ್ಲದೆ, ನಾಯಿಗಳ ಒಡನಾಟದಲ್ಲಿ ಉಂಡು ಮಲಗುವ ಗಂಡಹೆಂಡಿರ ಬಾಳುವೆ. ಇಂಥ ಬಾಳು ಹಗೆಗೂ ಬೇಡವೆಂದು ನಮ್ಮ ಹಿರಿಯರು ಹೇಳಿಯಾರು. ಆದರೆ ಇದೇ ಬಾಳನ್ನು ಕೈಯಾರೆ ಹಣ ತೆತ್ತು ಕೊಳ್ಳುವ ಜನ ಈಗ ಲೋಕದಲ್ಲಿ ಹೆಚ್ಚುತ್ತಿರುವರು. ಇದು ಸೋಜಿಗವೆನಿಸಿದರೂ ನಿಜ.

ಅಮೆರಿಕ, ಯುರೋಪು, ಆಸ್ಟ್ರೇಲಿಯ ಮುಂತಾದೆಡೆಗಳಲ್ಲಿ ಮನೆಯನ್ನು ಮಾರಿ, ಅಡಿಗೆಯ ಒಲೆ, ಹಾಸಿಗೆ, ನೀರಿನ ತೊಟ್ಟಿಗಳನ್ನೆಲ್ಲ ಒಳಗೊಂಡ ಮೋಟಾರು ಬಂಡಿಯನ್ನೇ ಮನೆಯಾಗಿಸಿಕೊಂಡು, ವರ್ಷದ ಹನ್ನೆರಡು ತಿಂಗಳೂ ರಸ್ತೆಯ ಮೇಲೆಯೇ ಇರುವ ದಂಪತಿಗಳುಂಟು. ಅವರ ಜೊತೆಯಲ್ಲಿ ಬಹಳಮಟ್ಟಿಗೆ ಒಂದೋ ಎರಡೋ ನಾಯಿಗಳೂ ಇರುವುವು. ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ತನ್ನ ನಾಯಿ ಚಾರ್ಲಿಯೊಡನೆ ಅಂಥ ಬಂಡಿಯಲ್ಲಿ ಅಮೆರಿಕವನ್ನು ಸುತ್ತಿ, 1962ರಲ್ಲಿ ಅದರ ಕಥನವನ್ನು ಪ್ರಕಟಿಸಿದನು. ಡಾನ್ ಕ್ವಿಕ್ಸೋಟನ ಕುದುರೆಯಾದ ರೋಸಿನಾಂಟೆಯ ಹೆಸರನ್ನು ತನ್ನ ಬಂಡಿಗೆ ಇಟ್ಟುಕೊಂಡದ್ದು ಅವನ ವಿನೋದಕ್ಕೆ ಸಾಕ್ಷಿ. ಆದರೆ ಈ ಬಾಳಿಗೆ ವಿನೋದವಲ್ಲದ ಮುಖವೂ ಒಂದಿದೆ. 2008ರ ಆರ್ಥಿಕ ಕುಸಿತದ ಬಳಿಕ ಮನೆ ಕಳೆದುಕೊಂಡ ವೃದ್ಧರು ಬಂಡಿಗಳಲ್ಲಿ ವಾಸಿಸುತ್ತ, ಋತುವಿಗೆ ತಕ್ಕ ಕೂಲಿಯನ್ನು ಅರಸುತ್ತ ಅಲೆದುದನ್ನು ಜೆಸ್ಸಿಕಾ ಬ್ರೂಡರ್ ಎಂಬ ಪತ್ರಕರ್ತೆ 2017ರಲ್ಲಿ 'ನೊಮ್ಯಾಡ್‌ಲ್ಯಾಂಡ್' ಎಂಬ ಪುಸ್ತಕದಲ್ಲಿ ಬರೆದಳು. ಅದನ್ನು ಆಧರಿಸಿದ ಚಲನಚಿತ್ರಕ್ಕೆ 2021ರಲ್ಲಿ ಆಸ್ಕರ್ ಪ್ರಶಸ್ತಿ ಬಂದಿತು. ಒಂದೇ ರಸ್ತೆ, ಒಂದೇ ಬಗೆಯ ಬಂಡಿ. ಒಬ್ಬರಿಗೆ ಅದು ವಿಹಾರ, ಇನ್ನೊಬ್ಬರಿಗೆ ಜೀವನೋಪಾಯ.

ಈ ಗಾಳಿ ನಮ್ಮ ದೇಶದ ಕಡೆಗೂ ಬೀಸಿದೆ. ಕೇಂದ್ರದ ಪ್ರವಾಸೋದ್ಯಮ ಸಚಿವಾಲಯ ಕಾರವಾನ್ ಪ್ರವಾಸಕ್ಕೆಂದೇ ನೀತಿಯೊಂದನ್ನು ರೂಪಿಸಿದೆ. ಬಂಡಿಗಳು ರಾತ್ರಿ ತಂಗಲು ಆವರಣವಿರುವ ತಾಣ, ಕುಡಿಯುವ ನೀರು, ವಿದ್ಯುತ್ತು, ಕಾವಲು ಬೇಕೆಂಬ ವಿವೇಕ ಅದರಲ್ಲಿದೆ. ಇದನ್ನು ಓದಿದಾಗ ಸಗರನಾಡಿನವನಾದ ನನಗೆ ಒಂದು ಪ್ರಶ್ನೆ ಏಳುತ್ತದೆ. ತಿರುಗಾಡುವವನಿಗೆ ಏನೇನು ಬೇಕೆಂಬುದು ಸರಕಾರಕ್ಕೆ ಇಷ್ಟು ಚೆನ್ನಾಗಿ ತಿಳಿದಿರುವಾಗ, ತಲೆತಲಾಂತರದಿಂದ ನಮ್ಮ ಕಣ್ಣೆದುರಿಗೇ ತಿರುಗಾಡುತ್ತಿರುವವರಿಗೆ ಅದು ಏಕೆ ದೊರೆಯಲಿಲ್ಲ?

ನಾನು ಹೇಳುತ್ತಿರುವುದು ನಮ್ಮ ಸಂಚಾರಿ ಕುರಿಗಾರರ ವಿಷಯ. ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ದಾರಿ ನಡೆದವರಾರೂ ಅವರನ್ನು ಕಾಣದೆ ಇರಲಾರರು. ಮುಂದೆ ಕುರಿಯ ಹಿಂಡು. ಅದರ ಮಗ್ಗುಲಿಗೆ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಹಿಡಿದ ಗಂಡಸು. ಹಿಂದೆ ಕುದುರೆಯನ್ನೋ ಕತ್ತೆಯನ್ನೋ ಹೊಡೆದುಕೊಂಡು ಬರುವ ಹೆಂಗಸು. ಅದರ ಬೆನ್ನ ಮೇಲೆ ಪಾತ್ರೆಪಡಗ, ಕೌದಿ, ಹಿಟ್ಟಿನ ಚೀಲ, ಹಿಂಡನ್ನು ಸುತ್ತುಗಟ್ಟುವ ಬಲೆ. ಅವುಗಳ ನಡುವೆ ನಡೆಯಲಾರದ ಎಳೆಯ ಮರಿಗಳು, ಕೆಲವೊಮ್ಮೆ ನಡೆಯಲಾರದ ಎಳೆಯ ಕೂಸು. ಇಕ್ಕೆಲಗಳಲ್ಲಿ ನಾಯಿಗಳು. ಇತ್ತೀಚೆಗೆ ಈ ಹೊರೆಯನ್ನು ಚಿಕ್ಕ ಸರಕು ವಾಹನಗಳಲ್ಲಿ ಸಾಗಿಸುವವರೂ ಇರುವರು. ಮೂರು ನಾಲ್ಕು ಸಂಸಾರಗಳು ಕೂಡಿ ಹೊರಡುವುದು ವಾಡಿಕೆ. ವೃದ್ಧರೂ ಶಾಲೆಗೆ ಹೋಗುವ ಮಕ್ಕಳೂ ಊರಲ್ಲಿ ಉಳಿಯುವರು.

ಇವರು ಮನಸ್ಸಿಗೆ ಬಂದತ್ತ ಅಲೆಯುವರೆಂದು ತಿಳಿದರೆ ಅದು ತಪ್ಪು. ಅವರ ಪಂಚಾಂಗವನ್ನು ಬರೆದುದು ನೆಲ. ಕೃಷ್ಣಾ ಭೀಮಾ ನದಿಗಳ ನಡುವಿನ ನಮ್ಮ ಎರೆಯ ಭೂಮಿ ಮಳೆ ಬಿದ್ದೊಡನೆ ಅಂಟಾಗಿ ಕಾಲಿಗೆ ಮೆತ್ತಿಕೊಳ್ಳುವುದು. ಆ ಕೆಸರಿನಲ್ಲಿ ನಿಂತ ಕುರಿಯ ಗೊರಸು ಕೊಳೆಯುವುದು, ರೋಗ ಹಬ್ಬುವುದು. ಆದುದರಿಂದ ಮಳೆಗಾಲ ಬಂತೆಂದರೆ ಹಿಂಡು ಎರೆಯನ್ನು ಬಿಟ್ಟು, ನೀರು ನಿಲ್ಲದ ಮಸಾರಿ ನೆಲಕ್ಕೆ, ಕಲ್ಲುಗುಡ್ಡಗಳ ಓರೆಗೆ ಏರಬೇಕು. ಹಿಂಗಾರಿಯ ಜೋಳ ಕೊಯ್ಲಾಗಿ ಎರೆಯ ಹೊಲಗಳು ಬಯಲಾದ ಮೇಲೆ ಅಲ್ಲಿನ ಕೂಳೆ, ಉದುರಿದ ಎಲೆಗಳನ್ನು ಮೇಯಲು ಇಳಿಯಬೇಕು. ಒಂದೇ ಕಡೆ ನಿಂತರೆ ಕುರಿಯೂ ಉಳಿಯದು, ನೆಲದ ಹುಲ್ಲೂ ಉಳಿಯದು. ಮಳೆ ಎಲ್ಲೆಲ್ಲಿಯೂ ಒಂದೇ ಸಮನಾಗಿ ಬೀಳದ ನಾಡಿನಲ್ಲಿ ತಿರುಗಾಟವೆಂಬುದು ಒಂದು ಬೇಸಾಯಪದ್ಧತಿ.

ಈ ಬೇಸಾಯದಲ್ಲಿ ರೈತನೂ ಪಾಲುದಾರ. ಕೊಯ್ಲಾದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿಕೊಳ್ಳಲು ಕುರಿಗಾರನನ್ನು ರೈತನೇ ಕರೆಯುತ್ತಿದ್ದನು. ಹಿಕ್ಕೆಯೂ ಮೂತ್ರವೂ ನೆಲಕ್ಕೆ ಬೀಳುವುವು. ಕುರಿಯ ಗೊರಸು ಅವನ್ನು ಮಣ್ಣಿಗೆ ತುಳಿಯುವುದು. ಪ್ರತಿಯಾಗಿ ಕುರಿಗಾರನಿಗೆ ಇಷ್ಟು ಜೋಳ, ಇಷ್ಟು ಬೇಳೆ, ಈಚೀಚೆಗೆ ಇಷ್ಟು ಹಣ. ಬರೆದ ಕರಾರಿಲ್ಲದೆ, ಸಾಕ್ಷಿಯಿಲ್ಲದೆ, ಇಬ್ಬರ ಮಾತಿನ ಮೇಲೆಯೇ ನಡೆದುಬಂದ ವ್ಯವಹಾರವಿದು. 'ಮನೆಮಠವಿಲ್ಲದವ'ನ ಮಾತಿಗೆ ಮನೆಯುಳ್ಳವನು ಇಟ್ಟ ನಂಬಿಕೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಈ ಬಾಳು ಎಷ್ಟು ಹಳೆಯದೆಂಬುದಕ್ಕೆ ನಮ್ಮ ನೆಲದಲ್ಲಿಯೇ ಕುರುಹುಂಟು. ಸುರಪುರ ಸೀಮೆಯ ಬೂದಿಹಾಳದಲ್ಲಿ ಒಂದು ಬೂದಿದಿಬ್ಬವಿದೆ. ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಕೆ. ಪದ್ದಯ್ಯನವರು 1990ರ ದಶಕದಲ್ಲಿ ಅಲ್ಲಿ ಹಲವು ವರ್ಷ ಉತ್ಖನನ ನಡೆಸಿದರು. ದನಗಳನ್ನು ಕೂಡಿಹಾಕುತ್ತಿದ್ದ ದೊಡ್ಡಿ, ಅದರ ಬದಿಯಲ್ಲಿ ಜನವಸತಿ, ಕಲ್ಲಿನ ಆಯುಧಗಳನ್ನು ಮಾಡುತ್ತಿದ್ದ ಜಾಗ ಇವೆಲ್ಲ ಬೆಳಕಿಗೆ ಬಂದುವು. ಸಗಣಿಯನ್ನು ರಾಶಿಹಾಕಿ ಮತ್ತೆ ಮತ್ತೆ ಸುಟ್ಟುದರಿಂದ ಆದ ಬೂದಿ ಅದು. ಅದರ ವಯಸ್ಸು ನಾಲ್ಕು ಸಾವಿರ ವರ್ಷಗಳಿಗೂ ಮಿಗಿಲು. ಸುರಪುರದ ಅರಮನೆಗೂ ಶಹಾಪುರದ ಕೋಟೆಗೂ ಬಹಳ ಮುಂಚೆ ಈ ನಾಡಿನಲ್ಲಿದ್ದುದು ಪಶುಪಾಲಕರ ಬೀಡು. ಮಂದೆಯ ಜೊತೆಯ ಬಾಳನ್ನು ನಾವು ಹಿಂದುಳಿದುದೆಂದು ಕರೆದರೆ ನಮ್ಮ ನಾಡಿನ ತಳಹದಿಯನ್ನೇ ಹಾಗೆ ಕರೆದಂತಾಗುವುದು.

ಇನ್ನು ಈ ನಡೆಯುವ ಮನೆಯ ಒಳಗನ್ನು ನೋಡೋಣ. ಗೃಹಿಣಿ ಎಂದರೆ ಗೃಹವುಳ್ಳವಳೆಂದು ನಾವು ಹೇಳಿಕೊಡುತ್ತೇವೆ. ಕುರಿಗಾರನ ಹೆಂಡತಿಗೆ ಗೃಹವಿಲ್ಲ. ಆದರೂ ಅವಳಷ್ಟು ಪೂರ್ಣಾರ್ಥದ ಗೃಹಿಣಿ ಅಪರೂಪ. ಅವಳು ಹೊರೆ ಇಳಿಸಿದ ಕಡೆ ಮೂರು ಕಲ್ಲು ಕೂಡುವುವು. ಮೂರು ಕಲ್ಲು ಕೂಡಿದ ಕಡೆ ಮನೆ. ಗಂಡಸು ಹಿಂಡಿನ ಹಿಂದೆ ಹೋದ ಮೇಲೆ ಮರಿಗಳ ಪಾಲನೆ, ಈದ ಕುರಿಯ ಆರೈಕೆ, ನೀರು, ಕಟ್ಟಿಗೆ, ಊರೊಳಗಿನ ಸಂತೆ, ಸಾಮಾನು ಸಾಗಿಸಿ ಮುಂದಿನ ತಂಗುದಾಣದಲ್ಲಿ ಸಂಜೆಯೊಳಗೆ ಬೀಡು ಹೂಡುವುದು, ಎಲ್ಲವೂ ಅವಳದೇ. ಅವಳಿಲ್ಲದೆ ಅವನ ಸಂಚಾರ ಒಂದು ವಾರವೂ ಸಾಗದು. ನಾಲ್ಕು ಗೋಡೆಗಳ ನಡುವೆ ದಾಂಪತ್ಯದ ಸಮಾನತೆಯನ್ನು ಕುರಿತು ಭಾಷಣ ಮಾಡುವ ನಾವು, ಗೋಡೆಯಿಲ್ಲದ ಕಡೆ ಅದು ಎಷ್ಟರಮಟ್ಟಿಗೆ ನಡೆದಿದೆಯೆಂಬುದನ್ನು ಗಮನಿಸಬಾರದೆ? ಅವಳ ಕಷ್ಟವನ್ನು ಮಾತ್ರ ಮರೆಯಬಾರದು. ಹೆರಿಗೆ, ಬಾಣಂತನ, ಜ್ವರ, ಹೆಂಗಸಿನ ಮಾನ ಇವಕ್ಕೆಲ್ಲ ಬಯಲೇ ಮರೆ ಎಂಬುದು ಹೊಗಳುವ ಮಾತಲ್ಲ.

ಮನೆಯ ಮೂರನೆಯ ಸದಸ್ಯ ನಾಯಿ. ಕುರಿಗಾರನ ನಾಯಿಗೆ ಅಂಗೈಯಗಲದ ಹಾಸಿಗೆಯಿಲ್ಲ, ಬೆಳ್ಳಿಯ ಕೊರಳಪಟ್ಟಿಯಿಲ್ಲ, ಅದಕ್ಕಿರುವುದು ಹೊಣೆ. ಹಗಲು ಅದು ಹಿಂಡಿನ ಅಂಚಿನಲ್ಲಿ ನಡೆಯುವುದು, ರಾತ್ರಿ ಬಲೆಯ ಹೊರಗೆ ಎಚ್ಚರವಿರುವುದು. ಬಯಲುಸೀಮೆಯಲ್ಲಿ ಇಂದಿಗೂ ತೋಳವಿದೆ, ಕುರಿಗಳ್ಳರಂತೂ ಎಲ್ಲೆಡೆಯೂ ಇರುವರು. ನಾಯಿ ಮಲಗಿತೆಂದರೆ ವರ್ಷದ ದುಡಿಮೆ ಹೋಯಿತು. ಆದುದರಿಂದ ರೊಟ್ಟಿ ಬಡಿಯುವ ಹೆಂಗಸು ಮನೆಮಂದಿಯ ಲೆಕ್ಕದಲ್ಲಿಯೇ ನಾಯಿಯ ಪಾಲನ್ನೂ ಹಿಡಿದು ಹಿಟ್ಟು ಕಲಸುವಳು. ಅದು ದಾನವಲ್ಲ, ಸಂಬಳ.

ನಾಯಿಗೆ ಇಂಥ ಮನ್ನಣೆ ಕನ್ನಡಿಗರಿಗೆ ಹೊಸದೇನೂ ಅಲ್ಲ. ಕ್ರಿ.ಶ. 950ರ ಸುಮಾರಿನ ಆತಕೂರಿನ ಶಾಸನವನ್ನು ಹಳಗನ್ನಡದ ವಿದ್ಯಾರ್ಥಿಗಳು ಬಲ್ಲರು. ವೀರನಾದ ಮಣಲೇರನು ತನ್ನ ಒಡೆಯನಲ್ಲಿ ಬೇಡಿ ಪಡೆದುದು ಕಾಳಿ ಎಂಬ ನಾಯಿಯನ್ನು; ಆ ನಾಯಿ ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಮಡಿಯಿತು; ಅದಕ್ಕಾಗಿ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಮುಧೋಳದ ನಾಯಿ ಇಂದು ಲೋಕಪ್ರಸಿದ್ಧವಾಗಿದೆ. 2005ರಲ್ಲಿ ಅಂಚೆಚೀಟಿಯ ಮೇಲೆಯೂ ಅದು ಕಾಣಿಸಿಕೊಂಡಿತು. ಅದಕ್ಕೆ ಕಾರವಾನ್ ನಾಯಿ ಎಂಬ ಇನ್ನೊಂದು ಹೆಸರೂ ಇದೆ. ಸಾರ್ಥವಾಹರ ಗುಂಪಿನೊಡನೆ ನಡೆದ ನಾಯಿಯೆಂಬ ಅರ್ಥ ಅದರಲ್ಲಿ ಅಡಗಿದೆ. ಪ್ರವಾಸೋದ್ಯಮದವರು ಈಗ ಹೊಸದೆಂದು ಆಡುವ ಶಬ್ದ ನಮ್ಮ ನಾಯಿಯ ಹೆಸರಿನಲ್ಲಿ ಮುಂಚೆಯೇ ಕುಳಿತಿರುವುದು.

ದೇವರನ್ನಾದರೂ ನೋಡಿ. ಯಾದಗಿರಿಯ ಬಳಿಯ ಮೈಲಾಪುರದ ಮಲ್ಲಯ್ಯನಿಗೆ ಸಂಕ್ರಾಂತಿಯಲ್ಲಿ ದೊಡ್ಡ ಜಾತ್ರೆ. ಪಲ್ಲಕ್ಕಿಯತ್ತ ಕುರಿಮರಿಗಳನ್ನು ಎಸೆಯುವ ಹರಕೆಯೊಂದು ಅಲ್ಲಿತ್ತು. ಜಿಲ್ಲಾಡಳಿತ ಅದನ್ನು ನಿಷೇಧಿಸಿದುದು ಉಚಿತವೇ ಆಗಿದೆ. ಆದರೆ ಮೈಲಾರನ ಮೂರ್ತಿಕಲ್ಪನೆಯನ್ನು ಗಮನಿಸಬೇಕು. ದಖನದ ಮನೆಮನೆಗಳ ಜಗಲಿಯಲ್ಲಿರುವ ಲೋಹದ ತಗಡುಗಳಲ್ಲಿ ಆತ ಕುದುರೆಯೇರಿರುವನು, ಮಡದಿ ಬೆನ್ನಿಗಿರುವಳು, ಕುದುರೆಯ ಕಾಲಡಿಯಲ್ಲಿ ನಾಯಿ ಓಡುತ್ತಿರುವುದು. ಆತನ ಗೊರವರು ನಾಯಿಯಂತೆ ಬೊಗಳುವುದೂ, ದೋಣಿಯೆಂಬ ಮರದ ಪಾತ್ರೆಗೆ ಬಾಯಿಟ್ಟು ಉಣ್ಣುವುದೂ ಸೇವೆಯೆನಿಸಿದೆ. ಗಂಡ, ಹೆಂಡತಿ, ನಾಯಿ, ದಾರಿ: ಕುರಿಗಾರನು ತನ್ನ ಸಂಸಾರವನ್ನೇ ದೇವರಲ್ಲಿ ಕಂಡನು. ಬೈಗುಳದಲ್ಲಿ ನಾವು ಕೂಡಿಸಿದ ಮೂರನ್ನು ಅವನು ಪೂಜೆಯಲ್ಲಿ ಕೂಡಿಸಿದನು.

ಇಷ್ಟೆಲ್ಲ ಹೇಳಿದ ಬಳಿಕ, "ಹಾಗಾದರೆ ಅವರನ್ನು ಹಾಗೆಯೇ ಬಿಟ್ಟುಬಿಡೋಣವೆ? ಅವರ ಮಕ್ಕಳು ಕಲಿಯುವುದು ಬೇಡವೆ? ಎಲ್ಲರಂತೆ ಒಂದೆಡೆ ನೆಲೆಸಲಿ" ಎಂದು ಕೆಲವರು ಹೇಳುವರು. ಅವರ ಕಳಕಳಿ ಪ್ರಾಮಾಣಿಕವಾದುದು. ಆದರೆ ನೆಲೆಗೊಳಿಸುವುದೇ ನಾಗರಿಕತೆಯೆಂಬ ಎಣಿಕೆಯ ಹಿಂದೆ ಒಂದು ಕಹಿಯಾದ ಚರಿತ್ರೆಯಿದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಹಲವು ಅಲೆಮಾರಿ ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರಿತು. ಅದು ರದ್ದಾದುದು ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, 1952ರಲ್ಲಿ. ಕುರಿಗಾರರು ಆ ಪಟ್ಟಿಯವರಲ್ಲ; ಆದರೂ ನಡೆಯುವವನನ್ನು ಕಂಡರೆ ಸಂಶಯಪಡುವ ಅಭ್ಯಾಸ ಕಾಯಿದೆಯೊಡನೆ ಹೋಗಲಿಲ್ಲ. 'ತಾಂಡಾ' ಎಂಬ ಶಬ್ದ ಇದಕ್ಕೆ ನಿದರ್ಶನ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ನಾಡಿನುದ್ದಕ್ಕೂ ನಡೆದ ಲಂಬಾಣಿಗರ ಪಯಣದ ಗುಂಪಿಗೆ ಆ ಹೆಸರಿದ್ದಿತು. ಈಗ ಅದು ಊರ ಹೊರಗೆ ನೆಲೆನಿಂತ ಹಟ್ಟಿಯ ಹೆಸರು. ಜನ ನೆಲೆಸಿದರು, ಶಬ್ದವೂ ನೆಲೆಸಿತು. ಆದರೆ ಇಂದಿಗೂ ನಮ್ಮ ತಾಂಡಾಗಳ ದಂಪತಿಗಳು ಪುಣೆ, ಮುಂಬಯಿ, ಬೆಂಗಳೂರುಗಳಿಗೆ ಕೂಲಿಗಾಗಿ ಗುಳೆ ಹೋಗುತ್ತಿರುವರು. ಸ್ವಂತ ಸರಕಿನೊಡನೆ ನಡೆಯುತ್ತಿದ್ದವರು ಬರಿಗೈಯಲ್ಲಿ ನಡೆಯುವಂತಾದುದನ್ನು ನೆಲೆ ಎನ್ನಲು ಮನಸ್ಸು ಒಪ್ಪದು.

ರೈತನ ಕಡೆಯ ನ್ಯಾಯವನ್ನೂ ಹೇಳಬೇಕು. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಗಳು ಹರಿದ ಮೇಲೆ ಸುರಪುರ ಶಹಾಪುರಗಳ ಬೇಸಾಯ ಬೇರೆಯಾಯಿತು. ಜೋಳದ ಜಾಗಕ್ಕೆ ಬತ್ತ, ಹತ್ತಿ, ಮೆಣಸಿನಕಾಯಿ ಬಂದುವು. ಒಂದು ಬೆಳೆಯ ಜಾಗದಲ್ಲಿ ಎರಡು ಬೆಳೆ ನಿಂತುವು. ಬಯಲಾದ ಹೊಲ ಕಡಿಮೆಯಾಯಿತು. ಚೀಲದ ಗೊಬ್ಬರ ಅಂಗಡಿಯಲ್ಲಿ ಸಿಗುವಾಗ ಹಿಕ್ಕೆಯ ಗೊಬ್ಬರಕ್ಕೆ ಕಾಯುವವರಾರು? ನುಗ್ಗಿದ ಹಿಂಡು ಒಂದು ರಾತ್ರಿಯಲ್ಲಿ ಬೆಳೆ ತಿಂದುಹಾಕಿದರೆ ರೈತನ ಸಿಟ್ಟು ಸಹಜವೇ. ಅತ್ತ ಔಷಧಿ ಸಿಂಪಡಿಸಿದ ಸೊಪ್ಪು ಮೇಯ್ದು ಕುರಿಗಳು ಸತ್ತರೆ ಕುರಿಗಾರನ ಗೋಳನ್ನು ಕೇಳುವವರಿಲ್ಲ. ಹಿಂದೆ ಒಪ್ಪಂದವಿದ್ದ ಕಡೆ ಈಗ ಬಡಿದಾಟ, ಪೋಲೀಸು ಠಾಣೆ. ಗೋಮಾಳಗಳು ಒತ್ತುವರಿಯಾದುವು. ಉಣ್ಣೆಗೆ ಬೆಲೆಯಿಲ್ಲದಾದುದರಿಂದ ಕಂಬಳಿಯ ಕುರಿಗಳ ಜಾಗಕ್ಕೆ ಮಾಂಸಕ್ಕಾಗಿ ಸಾಕುವ ಕೆಂಗುರಿ ಬಂದಿತು. ನೀರಾವರಿಯನ್ನು ಯಾರೂ ಬೇಡವೆನ್ನರು. ಆದರೆ ನೀರು ಎಲ್ಲಿಗೆ ಹರಿಯಬೇಕೆಂದು ಲೆಕ್ಕ ಹಾಕಿದ ನಾವು, ಕುರಿ ಎಲ್ಲಿಗೆ ಹೋಗಬೇಕೆಂದು ಲೆಕ್ಕ ಹಾಕಲಿಲ್ಲ.

ಇಲ್ಲಿಯೇ ಮೋಟಾರು ಮನೆಯವರಿಗೂ ಕುರಿಗಾರರಿಗೂ ಇರುವ ಅಂತರ ತಿಳಿಯುವುದು. ಮೋಟಾರು ಮನೆಯ ದಂಪತಿಗಳಿಗೆ ಬೇಸರವಾದರೆ ಹಿಂದಿರುಗಲು ದಾರಿಯುಂಟು; ಬಂಡಿಗೆ ವಿಮೆಯುಂಟು; ತಂಗಲು ಮುಂಗಡವಾಗಿ ಕಾದಿರಿಸಿದ ಜಾಗವುಂಟು; ಅವರ ನಾಯಿಗೆ ವೈದ್ಯನುಂಟು. ಅವರ ಅಲೆದಾಟವನ್ನು ನಾವು ಸ್ವಾತಂತ್ರ್ಯವೆನ್ನುತ್ತೇವೆ. ಕುರಿಗಾರ ದಂಪತಿಗಳಿಗೆ ಇವೊಂದೂ ಇಲ್ಲ. ಅವರ ಅಲೆದಾಟವನ್ನು ಹಣೆಬರಹವೆನ್ನುತ್ತೇವೆ. ವಿಹಾರಕ್ಕೆ ತಿರುಗುವವನಿಗೆ ಸೌಕರ್ಯವೆಂದು ಕೊಡುವುದನ್ನು ದುಡಿಮೆಗೆ ತಿರುಗುವವನಿಗೆ ಹಕ್ಕೆಂದು ಕೊಡಬೇಕು. ನನ್ನ ವಾದದ ಸಾರವಿಷ್ಟೆ.

ಆಗಬೇಕಾದುದು ಅಸಾಧ್ಯವಾದುದೇನಲ್ಲ. ಹಿಂಡುಗಳು ನಡೆಯುವ ದಾರಿಗಳು ಇಂದಿಗೂ ಬಹುಮಟ್ಟಿಗೆ ಗೊತ್ತಾದ ದಾರಿಗಳೇ. ಆ ದಾರಿಗಳುದ್ದಕ್ಕೂ, ಒಂದು ದಿನದ ನಡೆಗೆ ಒಂದರಂತೆ, ಉಳಿದ ಗೋಮಾಳದಲ್ಲಿ ತಂಗುದಾಣಗಳನ್ನು ಗೊತ್ತುಮಾಡಬಹುದು. ಅಲ್ಲಿ ನೀರಿನ ತೊಟ್ಟಿ, ನೆರಳು, ಹೆಂಗಸರಿಗೆ ಮರೆ ಇರಲಿ. ಪಶುವೈದ್ಯನು ಊರಿನ ಪಟ್ಟಿ ಹಿಡಿದು ಕಾಯುವ ಬದಲು ಋತುವಿನ ಪಟ್ಟಿ ಹಿಡಿದು ಹಿಂಡಿದ್ದೆಡೆಗೆ ಹೋಗಲಿ. ಪಡಿತರವನ್ನು ದೇಶದ ಯಾವ ಅಂಗಡಿಯಿಂದಲಾದರೂ ಪಡೆಯಬಹುದೆಂಬ ಏರ್ಪಾಡು ಈಗಾಗಲೇ ಇದೆ. ಅದನ್ನು ಕುರಿಗಾರನಿಗೆ ತಿಳಿಸಿಹೇಳುವವರು ಬೇಕು. ಅಕಸ್ಮಾತ್ತಾಗಿ ಸತ್ತ ಕುರಿಗೆ ಪರಿಹಾರ ಕೊಡುವ ಅನುಗ್ರಹ ಯೋಜನೆ ನಮ್ಮ ರಾಜ್ಯದಲ್ಲಿ ಬಂದಿದೆ. 2025ರಲ್ಲಿ ವಲಸೆ ಕುರಿಗಾಹಿಗಳ ರಕ್ಷಣೆಗೆಂದೇ ಪ್ರತ್ಯೇಕ ಮಸೂದೆಯೊಂದು ರೂಪುಗೊಂಡಿತು. ವಿಶ್ವಸಂಸ್ಥೆ 2026ನೆಯ ವರ್ಷವನ್ನು ಹುಲ್ಲುಗಾವಲುಗಳ ಹಾಗೂ ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಸಾರಿದೆ. ಇವು ಒಳ್ಳೆಯ ಲಕ್ಷಣಗಳು. ಆದರೆ ಕಾಗದದ ಮೇಲಿನ ಹುಲ್ಲನ್ನು ಕುರಿ ಮೇಯದು.

ಶಿಕ್ಷಣದ ಮಾತು ನಮ್ಮಂಥ ಅಧ್ಯಾಪಕರಿಗೆ ಸೇರಿದುದು. ಹನ್ನೆರಡನೆಯ ಶತಮಾನದ ಶರಣರು ಸ್ಥಾವರಕ್ಕಿಂತ ಜಂಗಮವೇ ಮಿಗಿಲೆಂದು ಕಂಡರೆಂಬುದನ್ನು ನಾವು ತರಗತಿಗಳಲ್ಲಿ ಉತ್ಸಾಹದಿಂದ ಬೋಧಿಸುತ್ತೇವೆ. ದೇವರ ದಾಸಿಮಯ್ಯನು ನಮ್ಮ ಮುದನೂರಿನವನೆಂದು ಹೆಮ್ಮೆಪಡುತ್ತೇವೆ. ತುರುಗಾಹಿ ರಾಮಣ್ಣನನ್ನೂ, ಕುರಿಯ ಹಿಕ್ಕೆಯಲ್ಲಿ ಲಿಂಗವನ್ನು ಕಂಡನೆಂಬ ಗೊಲ್ಲಾಳನ ಕಥೆಯನ್ನೂ ಪರೀಕ್ಷೆಯಲ್ಲಿ ಕೇಳುತ್ತೇವೆ. ಅದೇ ಹೊತ್ತಿನಲ್ಲಿ, ಅಪ್ಪ ಅವ್ವಂದಿರೊಡನೆ ಎರಡು ತಿಂಗಳು ಹಿಂಡಿನ ಹಿಂದೆ ಹೋದ ಹುಡುಗನ ಹೆಸರಿನ ಮುಂದೆ ಹಾಜರಿಪುಸ್ತಕದಲ್ಲಿ ಗೈರುಹಾಜರಿಯ ಗೆರೆ ಬೀಳುವುದು. ಮೂರನೆಯ ತಿಂಗಳಲ್ಲಿ ಹೆಸರೇ ಹೋಗುವುದು. ಜಂಗಮವನ್ನು ಕುರಿತ ಪಾಠಕ್ಕೆ ಜಂಗಮನ ಮಗನೇ ಗೈರುಹಾಜರಿಯಾಗುವ ವಿಪರ್ಯಾಸವಿದು. ವಲಸೆಗಾರರ ಮಕ್ಕಳಿಗಾಗಿ ಋತುಮಾನದ ವಸತಿನಿಲಯಗಳಿರಬೇಕೆಂಬ ಕಲ್ಪನೆ ನಮ್ಮ ಶಿಕ್ಷಣಯೋಜನೆಗಳಲ್ಲಿ ಇಲ್ಲದಿಲ್ಲ. ಅದನ್ನು ಕುರಿಗಾರರ ಪಂಚಾಂಗಕ್ಕೆ ಹೊಂದಿಸಬೇಕು. ಹಿಂಡಿನ ಹಿಂದೆ ಹೋದ ಹುಡುಗನು ನಕ್ಷತ್ರ, ಮಳೆ, ಹುಲ್ಲು, ರೋಗ, ಲೆಕ್ಕ ಇವನ್ನೆಲ್ಲ ಕಲಿತು ಬರುವನೆಂಬುದನ್ನೂ ಶಾಲೆ ಒಪ್ಪಬೇಕು. ಆ ಹುಡುಗನು ಮುಂದೆ ವೈದ್ಯನಾಗಲಿ, ಉಪಾಧ್ಯಾಯನಾಗಲಿ, ಕುರಿಗಾರನೇ ಆಗಲಿ, ಆಯ್ಕೆ ಅವನದಾಗಿರಬೇಕು. ಆಯ್ಕೆಯಿದ್ದಾಗ ಮಾತ್ರ ಅಲೆದಾಟಕ್ಕೆ ಸ್ವಾತಂತ್ರ್ಯವೆಂಬ ಹೆಸರು ಸಲ್ಲುವುದು.

ಸಾಹಿತಿಗಳಲ್ಲಿಯೂ ಒಂದು ಬಿನ್ನಹವುಂಟು. ಕುರಿಗಾರನನ್ನು ಕೊಳಲೂದುವ ಗೊಲ್ಲನನ್ನಾಗಿ ಚಿತ್ರಿಸುವುದು ಸುಲಭ. ಸೂರ್ಯಾಸ್ತಮಾನದ ಧೂಳಿನಲ್ಲಿ ಅವನ ಹಿಂಡು ಬಂಗಾರವಾಗಿ ಕಾಣುವುದೂ ನಿಜ. ಆದರೆ ಆ ಧೂಳನ್ನು ಉಸಿರಾಡುವವನು ಅವನು. ಮರುಕವೂ ಬೇಡ, ಮೋಹವೂ ಬೇಡ. ನೆರೆಯವನಿಗೆ ಸಲ್ಲುವ ಗೌರವವಷ್ಟೇ ಸಾಕು.

ಮನೆಯೆಂಬುದು ಒಬ್ಬರು ಇನ್ನೊಬ್ಬರಿಗಾಗಿ ಎಚ್ಚರವಿರುವ ಏರ್ಪಾಡು. ಗಂಡ ಹಿಂಡಿಗಾಗಿ, ಹೆಂಡತಿ ಒಲೆಗಾಗಿ, ನಾಯಿ ಇಬ್ಬರಿಗಾಗಿ ಎಚ್ಚರವಿರುವ ಕಡೆ ಮನೆಯುಂಟು. ಅದಕ್ಕೆ ಗೋಡೆಯಿರಲಿ, ಇಲ್ಲದಿರಲಿ. ಅವರಿಗಾಗಿ ಎಚ್ಚರವಿರಬೇಕಾದ ನಾಲ್ಕನೆಯವರು ನಾವು, ನೆಲೆ ನಿಂತವರು. ಆ ಪಾಲಿನ ಕೆಲಸ ಇನ್ನೂ ಆರಂಭವಾಗಬೇಕಾಗಿದೆ.